ಬಟ್ಟಲಿನ ಅಂಚು

ಬಸ್ಸೊಂದರ ನೆರಳು ಗಾಜಿನ ಬಾಗಿಲ ಮೇಲೆ ಹಾದುಹೋಯಿತು, ಹಾದುಹೋದ ಆ ಕ್ಷಣ ಹಸಿರು ಅಕ್ಷರದ ಅಂಚು ನುಣುಪಾಗಿ ಕಂಡಿತು, ಆಮೇಲೆ ಬೆಳಕು ಮರಳಿತು, ಹಲ್ಲುಗಳೂ ಮರಳಿದವು — ಸಣ್ಣ ಸಣ್ಣ ಹಲ್ಲು, ಬಾಳೆಲೆಯನ್ನು ಚಾಕು ಸಿಗದೆ ಕೈಯಲ್ಲೇ ಹರಿದಾಗ ಉಳಿಯುವ ಅಂಚಿನ ಹಾಗೆ, ಉಗುರಿಟ್ಟು ಎಳೆದರೆ ಕಿರ್ ಕಿರ್ ಎನ್ನುತ್ತದೆ, ಅಂಗುಲಕ್ಕೆ ಹನ್ನೊಂದು ಹನ್ನೆರಡು, ಎಣಿಸಿದ್ದೇನೆ, ಎಣಿಸುವುದೊಂದೇ ನನಗೆ ಬರುವುದು. ಗಡಿಯಾರದಲ್ಲಿ ಹನ್ನೊಂದೂ ಹತ್ತು. ಇವತ್ತು ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ ಎರಡೂವರೆಗೆ ಮಸೀದಿಯ ಮುಂದೆ ಆಂಬುಲೆನ್ಸ್ ಒಪ್ಪಿಸುತ್ತಾರೆ, ಅದರ ಎರಡೂ ಮಗ್ಗುಲಲ್ಲಿ ಮುಬೀನನ ಹೆಸರು ಇರಬೇಕು, ಒಂದು ಕಡೆ ಉರ್ದು, ಒಂದು ಕಡೆ ಕನ್ನಡ, ಮೊಳದೆತ್ತರದ ಅಕ್ಷರ. ಮುಬೀನ್ ನನ್ನ ಪಾಲುದಾರ, ಈ ಸ್ಟಿಕರ್ ಅಂಗಡಿಯ ಅರ್ಧ, ಆಗಸ್ಟ್ ತಿಂಗಳಲ್ಲಿ ಶಿವಾಜಿನಗರ ಬಸ್ ಸ್ಟ್ಯಾಂಡಿನ ಹತ್ತಿರ ಎದೆ ಹಿಡಿದುಕೊಂಡು ಕುಳಿತವನನ್ನು ಆಟೋದಲ್ಲಿ ಹಾಕಿಕೊಂಡು ಹೋದರು, ಕಾಲು ಹೊರಗೇ ಇತ್ತಂತೆ, ಸಿಗ್ನಲ್ಲಿನಲ್ಲಿ ಒಂದು ಚಪ್ಪಲಿ ಬಿದ್ದುಹೋಯಿತಂತೆ, ಒಂದು ಗಾಡಿ ಇದ್ದಿದ್ರೆ ಉಳೀತಿದ್ರು ಭಾಯ್ ಅಂದಿದ್ದಳು ವಾಜಿದಾ, ಅವನ ಹೆಂಡತಿ, ನಲವತ್ತನೇ ದಿನ, ಅತ್ತು ಮುಗಿಸಿದ ದನಿಯಲ್ಲಿ, ಅದಕ್ಕೇ ಓಣಿಯವರೆಲ್ಲ ಸೇರಿ ಗಾಡಿ ತರಿಸಿದ್ದಾರೆ, ಹೆಸರು ಮಾತ್ರ ಅವರ ಮಷೀನಲ್ಲೇ ಆಗ್ಬೇಕು, ಅವರು ತಂದಿಟ್ಟ ರೋಲಲ್ಲೇ ಆಗ್ಬೇಕು, ನಿಮ್ಮ ಕೈಯಲ್ಲೇ ಆಗ್ಬೇಕು, ಇದೂ ಅವಳದೇ ಮಾತು. ರೋಲು ಇದು, ಹೊಳೆಯುವ ಹಸಿರು ರೇಡಿಯಂ, ಮದ್ರಾಸಿಂದ ಅವನೇ ಹೆಗಲ ಮೇಲೆ ಹೊತ್ತು ತಂದದ್ದು, ಯಾವ್ದಾದ್ರೂ ಒಳ್ಳೆ ಕೆಲಸಕ್ಕೆ ಇರ್ಲಿ ಗುರು, ಆಟೋ ನಂಬರ್‌ಗೆಲ್ಲ ಇದನ್ನ ಮುಟ್ಬೇಡ ಅಂದಿದ್ದ. ಮುಟ್ಟಿರಲಿಲ್ಲ. ಬೆಳಿಗ್ಗೆ ಒಂದು ಸಲ ಕತ್ತರಿಸಿದೆ, ಎರಡೂ ಹೆಸರು ಹಾಳು, ಈಗ ನೆಲದ ಮೇಲೆ ಸುರುಳಿಯಾಗಿ ಬಿದ್ದಿದೆ. ಉಳಿದಿರುವುದು ಅಳೆದು ನೋಡಿದೆ, ಎರಡು ಹೆಸರಿಗೆ ಸರಿಯಾಗಿ ಸಾಕು, ಮೂರನೆಯ ಸಲಕ್ಕೆ ಇಲ್ಲ. ಇನ್ನು ಒಂದೇ ಸಲ.

ಒಂದೇ ಸಲ, ಅದೂ ಕತ್ತರಿಸುವುದು ನನ್ನ ಕೈಯಲ್ಲ, ಮಷೀನು, ಪ್ಲಾಟರ್ ಅನ್ನುತ್ತೇವೆ, ಮೇಜಿನುದ್ದದ ಹೊಲಿಗೆ ಯಂತ್ರದಂಥದ್ದು, ಹಾಳೆ ಹಿಂದೆ ಮುಂದೆ ಓಡುತ್ತದೆ, ಬ್ಲೇಡು ಎಡಕ್ಕೆ ಬಲಕ್ಕೆ ಓಡುತ್ತದೆ, ಎರಡೂ ಓಟ ಸೇರಿ ಅಕ್ಷರವಾಗುತ್ತದೆ. ಬ್ಲೇಡು ಕೂರುವುದು ಪೆನ್ನಿನ ಕ್ಯಾಪಿನಷ್ಟು ದೊಡ್ಡ ಒಂದು ಲೋಹದ ಕೊಳವೆಯಲ್ಲಿ, ಅದಕ್ಕೆ ಮುಬೀನ್ ಇಟ್ಟ ಹೆಸರು ಮೂಗು, ಮಷೀನ್ ಉಸಿರಾಡೋದು ಇಲ್ಲಿಂದ ಕಣೋ, ಬಿಎಸ್ಸಿ ಓದಿದೀಯ, ಇಷ್ಟೂ ಗೊತ್ತಿಲ್ವಾ. ಬಿಎಸ್ಸಿ ಓದಿದ್ದೇನೆ, ಭೌತಶಾಸ್ತ್ರ, ಎರಡು ವರ್ಷ ಕಾಲೇಜಿನ ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಲೋಲಕ ತೂಗಿಸಿ ತೋರಿಸಿದ್ದೇನೆ, ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದನ್ನು ಹಾಗೇ ಬಿಡು, ಬರೆದಿಡು — ಬರೆದಿಟ್ಟಿದ್ದೇನೆ, ಹಳೇ ಕ್ಯಾಲೆಂಡರಿನ ಹಿಂದುಗಡೆ, ಹಾಳಾದ ಹಸಿರಿನ ಖಾಲಿ ಜಾಗಗಳಲ್ಲೇ ಪರೀಕ್ಷೆ ಒಂದು, ಹೊಸ ಬ್ಲೇಡು, ಅಂಚು ಹಾಗೇ. ಎರಡು, ವೇಗ ಅರ್ಧಕ್ಕೆ, ಹಾಗೇ. ಮೂರು, ಒತ್ತಡ ಹೆಚ್ಚು, ಕೆಳಗಿನ ಕಾಗದವೇ ಸೀಳಿತು, ಒತ್ತಡ ಕಡಿಮೆ, ಮೇಲಿನ ಪದರವೇ ಬಿಡಲಿಲ್ಲ, ನಡುವೆ ಎಲ್ಲಿಟ್ಟರೂ ಹಲ್ಲು. ನಾಲ್ಕು, ಬ್ಲೇಡಿನ ಕೆಳಗಿನ ಬಿಳೀ ಪಟ್ಟಿ ಸವೆದಿದೆಯೇನೋ ಎಂದು ಹಾಳೆಯನ್ನು ಗೇಣು ಸರಿಸಿ ಹಾಕಿದೆ, ಹಲ್ಲುಗಳೂ ಗೇಣು ಸರಿದವು. ಐದು, ಕಂಪ್ಯೂಟರಿನ ಚಿತ್ರದಲ್ಲೇ ದೋಷವೇನೋ, ಉರ್ದು ಬರಹಗಾರರು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಸ್ಕ್ಯಾನ್ ಮಾಡಿ ಗೆರೆ ಹಿಡಿದದ್ದು ನಾನೇ, ಬಿಂದುಗಳು ಹೆಚ್ಚಾದವೇನೋ, ಒಂದೊಂದೇ ಅಳಿಸಿದೆ, ತೆರೆಯ ಮೇಲೆ ಹಾಲಿನ ಕೆನೆಯ ಹಾಗೆ ನುಣುಪಾಯಿತು, ಹಾಳೆಯ ಮೇಲೆ ಅದೇ ಗರಗಸ. ಆರು, ಬೇರೆ ಹಾಳೆ, ಅಗ್ಗದ ಬಿಳಿಯದು, ಹಾಗೇ. ಏಳು, ಹೆಸರೇ ಬೇಡ, ಬರೀ ಒಂದು ಚೌಕ, ಅದರೊಳಗೆ ಒಂದು ವೃತ್ತ — ಚೌಕದ ನಾಲ್ಕು ಗೆರೆ ದಾರ ಎಳೆದಂತೆ ಬಂತು, ಮೂಲೆಯಲ್ಲಿ ಸಣ್ಣ ಕೊಕ್ಕೆ, ವೃತ್ತ ಮಾತ್ರ ನಾಯಿ ಕಚ್ಚಿದ ರೊಟ್ಟಿ. ನೇರದಲ್ಲಿ ಸರಿ, ತಿರುವಿನಲ್ಲಿ ತಪ್ಪು. ಅದನ್ನೂ ಬರೆದೆ, ಕೆಳಗೆ ಎರಡು ಗೆರೆ ಎಳೆದೆ, ಎಳೆದು ಪೆನ್ನು ಕೆಳಗಿಟ್ಟೆ, ಏಕೆಂದರೆ ಆ ಹೆಸರಿನಲ್ಲಿ ನೇರ ಗೆರೆ ಎಂಬುದೇ ಇಲ್ಲ. ಕನ್ನಡದಲ್ಲಿ ಮು ಬೀ ನ್ ಎಲ್ಲವೂ ದುಂಡು. ಉರ್ದು ನನಗೆ ಓದಲು ಬಾರದು, ಆಕಾರ ಮಾತ್ರ ಗೊತ್ತು, ಅವನೇ ಕಲಿಸಿದ್ದು, ಬಲಗಡೆಯಿಂದ ನೋಡ್ಕೊಂಡ್ ಬಾ, ಮೊದಲು ಒಂದು ಗಂಟು, ಆಮೇಲೆ ಎರಡು ಸಣ್ಣ ಹಲ್ಲು, ಕೊನೇಲಿ ಒಂದು ಬಟ್ಟಲು, ಬಟ್ಟಲ ಬಾಯಲ್ಲಿ ಒಂದು ಚುಕ್ಕೆ, ನನ್ ಹೆಸರಲ್ಲೇ ಬಟ್ಟಲೈತೆ ಮಗಾ, ಅದಕ್ಕೇ ನಂಗೆ ಯಾವಾಗ್ಲೂ ಚಾ ಬೇಕು, ಅಂಚು ಒಡೀಬಾರ್ದು ನೋಡು, ಚಾ ಸೋರ್ತದೆ. ಬಟ್ಟಲಿನ ಅಂಚು ಪೂರ್ತಿ ಒಡೆದಿದೆ.

ಏನ್ ಶ್ರೀನಾಥು, ಮಷೀನ್ ಅಳ್ತಿದೆಯಾ, ನೀನ್ ಅಳ್ತಿದೀಯಾ, ಬೆಳಿಗ್ಗೆಯಿಂದ ಗೊರ್ ಗೊರ್ ಅಂತ ಕೇಳಿಸ್ತಾನೇ ಇದೆ — ಮಾರಿಯಾ, ಪಕ್ಕದ ಜೆರಾಕ್ಸ್ ಅಂಗಡಿಯವಳು, ಬಾಗಿಲಲ್ಲಿ ಅರ್ಧ ಮೈ ಒಳಗೆ ಅರ್ಧ ಹೊರಗೆ, ಏನಿಲ್ಲ ಮಾರಿಯಾ, ಸ್ವಲ್ಪ ಸೆಟ್ಟಿಂಗು, ಸೆಟ್ಟಿಂಗಾ, ಮುಬೀನ್ ಇದ್ದಿದ್ರೆ ಎರಡು ನಿಮಿಷದಲ್ಲಿ ಮಾಡ್ಬಿಡ್ತಿದ್ದ ಅಲ್ವಾ, ಹೌದು ಮಾರಿಯಾ, ಎರಡು ನಿಮಿಷ ಅಂದೆ, ನೀನ್ ಸುಮ್ನೆ ದೇವರನ್ನ ನೆನ್ಕೋ, ಆಗತ್ತೆ. ಹೋದಳು. ದೇವರನ್ನು ನೆನೆಯುವುದು — ಅಲ್ಲಿಗೆ ಹೋಗಬಾರದು, ಬೆಲ್ಟು ನೋಡೋಣ, ಬೆಲ್ಟು ಸಡಿಲವಾಗಿದ್ದರೆ ತಿರುವಿನಲ್ಲಿ ಜಗ್ಗುತ್ತದೆ, ತಲೆ ಬಗ್ಗಿಸಿ ನೋಡಿದೆ, ಬೆರಳಿಂದ ಮೀಟಿದೆ, ವೀಣೆಯ ತಂತಿಯ ಹಾಗೆ ಬಿಗಿಯಾಗಿದೆ, ಬಗ್ಗಿದವನಿಗೆ ಮಷೀನಿನ ಮೈಮೇಲಿನ ಅರಿಶಿನದ ಪಟ್ಟೆಗಳು ಕಣ್ಣಿಗೆ ಹತ್ತಿರವಾದವು, ಮೂರು ಪಟ್ಟೆ, ನಡುವೆ ಕುಂಕುಮ, ಒಣಗಿ ಬಿರುಕು ಬಿಟ್ಟಿದೆ, ಹದಿಮೂರು ದಿನದ ಹಿಂದಿನ ಆಯುಧ ಪೂಜೆಯದು. ತೊಂಬತ್ತೇಳರಲ್ಲಿ ಅಂಗಡಿ ತೆರೆದಾಗಿನಿಂದ ಪ್ರತಿ ವರ್ಷ, ಇದು ಏಳನೆಯದು. ನನಗೆ ಅದರಲ್ಲಿ ನಂಬಿಕೆ ಇತ್ತು ಎಂದಲ್ಲ, ಅಮ್ಮನಿಗಾಗಿ, ಹಲಸೂರಿನಿಂದ ಅಮ್ಮ ತಟ್ಟೆ ಹಿಡಿದು ಆಟೋದಲ್ಲಿ ಬರುತ್ತಾಳೆ, ದೊಡ್ಡನೆಕ್ಕುಂದಿಯ ಹೊಲದಲ್ಲಿ ನೇಗಿಲಿಗೆ ಕುಡುಗೋಲಿಗೆ ಹಚ್ಚಿ ಬೆಳೆದ ಕೈ ಅವಳದು, ನಾನು ಪಂಚೆ ಉಟ್ಟು ಹಚ್ಚುತ್ತೇನೆ, ಅವಳು ಆರತಿ ಎತ್ತುತ್ತಾಳೆ, ಮುಬೀನ್ ಬಾಗಿಲ ಹತ್ತಿರ ನಿಂತಿರುತ್ತಾನೆ, ಟೋಪಿ ಹಾಕಿಕೊಂಡು, ನಗುತ್ತಾ, ಅಮ್ಮ, ಪುರಿ ಜಾಸ್ತಿ ಹಾಕಿ, ಮಕ್ಕಳಿಗೆ ಬೇಕು — ಆದರೆ ಅದಕ್ಕೂ ಮೊದಲು, ನಾನು ಅರಿಶಿನ ಕಲಸುವುದಕ್ಕೂ ಮೊದಲು, ಪ್ರತಿ ವರ್ಷ ತಪ್ಪದೆ, ಅವನು ಮಷೀನಿನ ಹತ್ತಿರ ಹೋಗಿ ಮೂಗನ್ನು ಬಿಚ್ಚುತ್ತಾನೆ, ಜೇಬಿನಿಂದ ಬಿಳಿ ಕರ್ಚೀಫು ತೆಗೆಯುತ್ತಾನೆ, ಇಸ್ತ್ರಿಯ ಗೆರೆ ಮುರಿಯದ ಕರ್ಚೀಫು, ಮೂಗನ್ನು ಅದರಲ್ಲಿಟ್ಟು ನಾಲ್ಕು ಮಡಿಕೆ ಮಡಿಸಿ ಎದೆಯ ಜೇಬಿಗೆ ಇಳಿಸಿ ಮೇಲೊಮ್ಮೆ ತಟ್ಟಿಕೊಳ್ಳುತ್ತಾನೆ. ಪೂಜೆ ಮುಗಿದು ಅಮ್ಮ ಹೋದ ಮೇಲೆ ಅಂಗೈಯಲ್ಲಿ ಕರ್ಚೀಫು ಬಿಚ್ಚುತ್ತಾನೆ, ತುಟಿ ಅಲುಗುತ್ತದೆ, ಸದ್ದಿಲ್ಲದೆ, ಏನೋ ಓದುತ್ತಾನೆ, ಓದಿ ಆ ಮೂಗಿನ ಮೇಲೆ ಉಫ್ ಎಂದು ಊದುತ್ತಾನೆ, ಮತ್ತೆ ತುಟಿ ಅಲುಗುತ್ತದೆ, ಮತ್ತೆ ಊದುತ್ತಾನೆ, ಆಮೇಲೆ ಅದನ್ನು ಅದರ ಜಾಗಕ್ಕೆ ಸೇರಿಸುತ್ತಾನೆ. ಊದುವುದು ಏನೆಂದು ನನಗೆ ಗೊತ್ತು, ಈ ಓಣಿಯಲ್ಲಿ ಹುಟ್ಟಿ ಬೆಳೆದಿಲ್ಲವೆ, ಸಂಜೆ ನಮಾಜು ಬಿಟ್ಟಾಗ ಮಸೀದಿಯ ಮೆಟ್ಟಿಲ ಮೇಲೆ ತಾಯಂದಿರು ಜ್ವರದ ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ನಿಂತಿರುತ್ತಾರೆ, ಹೊರಗೆ ಬರುವವರು ಏನೋ ಓದಿ ಮಗುವಿನ ಮುಖದ ಮೇಲೆ ಊದುತ್ತಾರೆ, ನನ್ನನ್ನೂ ಅಮ್ಮ ಒಮ್ಮೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದಳು, ಕೆಟ್ಟದ್ದು ಬಿಡಲಿ ಎಂದು. ಕೆಟ್ಟದ್ದು. ನಮ್ಮ ಅರಿಶಿನ ಕುಂಕುಮ ಮೂಗಿಗೆ ತಾಗಬಾರದು, ತಾಗದಿದ್ದರೂ ಗಾಳಿ ತಾಗಿರಬಹುದು, ಅದನ್ನೂ ಊದಿ ಕಳೆಯಬೇಕು — ಮೊದಲನೆಯ ವರ್ಷ ಹೀಗೆ ಅನ್ನಿಸಿತು, ಎರಡನೆಯ ವರ್ಷ ಖಚಿತವಾಯಿತು, ಮೂರನೆಯ ವರ್ಷದಿಂದ ಆ ಬಿಳಿ ಕರ್ಚೀಫು ನನ್ನ ಎದೆಯಲ್ಲೇ ಮಡಿಸಿ ಕೂತಿತು.

ಹೇಳಬಾರದಿತ್ತು. ಹೋದ ವರ್ಷ ಎಲ್ಲರ ಮಾತೂ ಸ್ವಲ್ಪ ಹದ ತಪ್ಪಿತ್ತು, ಹಿಂದೂ ಮುಸ್ಲಿಂ ಗಲಭೆ, ಟೀವಿಯಲ್ಲಿ ನೋಡಬಾರದ್ದನ್ನೆಲ್ಲ ತಿಂಗಳುಗಟ್ಟಲೆ ನೋಡಿದ್ದೆವು, ಅಂಗಡಿಯಲ್ಲಿ ಪೇಪರು ಬಂದರೆ ಇಬ್ಬರೂ ಮೊದಲು ಕ್ರೀಡೆಯ ಪುಟ ತೆಗೆಯುತ್ತಿದ್ದೆವು, ಆ ಆಯುಧ ಪೂಜೆಯ ದಿನ ಅಮ್ಮ ಆಟೋ ಹತ್ತುವಾಗ ಮೆಲ್ಲಗೆ ಅಂದಳು, ಅಲ್ಲ ಕಣೋ, ಅವನು ಅದನ್ನ ತೆಗೆದು ಬಚ್ಚಿಟ್ಕೊತಾನಲ್ಲ, ನಮ್ ದೇವ್ರು ಅವನಿಗೇನ್ ಮಾಡ್ತು, ನಾನು ಒಳಗೆ ಬಂದೆ, ಅವನು ಅಂಗೈಯಲ್ಲಿ ಕರ್ಚೀಫು ಬಿಚ್ಚಿದ್ದ, ತುಟಿ ಅಲುಗುತ್ತಿತ್ತು, ಊದಿದ, ಮತ್ತೆ ಊದಿದ, ನನ್ನ ಬಾಯಿಂದ ಬಂದುಬಿಟ್ಟಿತು, ಯಾಕೋ, ನಮ್ ಕುಂಕುಮ ತಾಗಿದ್ರೆ ನಿನ್ ಮಷೀನಿಗೆ ಮೈಲಿಗೆ ಆಗುತ್ತೇನೋ, ಎಷ್ಟು ಊದಿದ್ರೆ ಶುದ್ಧ ಆಗುತ್ತೆ ಹೇಳು, ನಾನೂ ಒಂದ್ ಸಲ ಊದ್ಲಾ. ಅವನ ಕೈ ಹಾಗೇ ನಿಂತಿತು. ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಅರ್ಥವಾಗದ ಒಂದು ನಗು ಇತ್ತು, ಆ ನಗು ನಿಧಾನವಾಗಿ ಒಳಗೆ ಹೋಯಿತು, ಅದು ಹಂಗಲ್ಲ ಮಗಾ, ಅದು — ಸಾಕು ಬಿಡು ಅಂದೆ, ಐದಾರು ವರ್ಷದಿಂದ ನೋಡ್ತಾನೇ ಇದೀನಿ, ನಂಗೇನ್ ಕಣ್ಣಿಲ್ವಾ. ಅದು, ಎಂದವನ ಮಾತು ಅಲ್ಲೇ ನಿಂತಿತು. ಮುಂದಿನದನ್ನು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮಾರನೆಯ ದಿನ ಬಂದ, ಎಂದಿನಂತೆ ಎರಡು ಗ್ಲಾಸು ಚಾ ತಂದ, ಒಂದನ್ನು ನನ್ನ ಮೇಜಿನ ಮೇಲಿಟ್ಟ, ತಗೊಳ್ಳಿ ಅಂದ. ತಗೊಳ್ಳಿ. ಅಂಗಡಿಗೂ ಮೊದಲಿನಿಂದ, ಹತ್ತು ವರ್ಷ ಗುರು ಮಗಾ ಎಂದು ಕರೆದವನು ನೀವು ಅಂದ, ಮುಂದಿನ ಹತ್ತು ತಿಂಗಳೂ ನೀವು ಅಂದ, ಫೈಲು ಕಳಿಸಿ, ಕಟಿಂಗ್ ಆಯ್ತು ನೋಡಿ, ನೀವು ಊಟಕ್ಕೆ ಹೋಗಿ ಬನ್ನಿ, ಮರ್ಯಾದೆ ಹೆಚ್ಚಾದಷ್ಟೂ ನಾನೂ ಹಟ ಮಾಡಿದೆ, ಅವನೇ ಮೊದಲು ಬರಲಿ ಅಂದುಕೊಂಡೆ, ರಂಜಾನಿಗೆ ಸರಿಮಾಡಿಕೊಳ್ಳೋಣ ಅಂದುಕೊಂಡೆ, ಯುಗಾದಿಗೆ ಅಂದುಕೊಂಡೆ, ಆಗಸ್ಟಿನಲ್ಲಿ, ನಮ್ಮ ಫೋನು ಕೆಟ್ಟಿದ್ದ ದಿನ, ಮಾರಿಯಾಳ ಅಂಗಡಿಗೆ ಫೋನು ಬಂತು, ಅವಳು ಚಪ್ಪಲಿ ಇಲ್ಲದೆ ಓಡಿ ಬಂದಳು.

ಹನ್ನೆರಡೂ ಇಪ್ಪತ್ತು. ಎಂಟನೆಯ ಪರೀಕ್ಷೆ ಏನಿರಬಹುದು, ಬಿಟ್ಟದ್ದೇನು, ನೋಡಬೇಕಾದ ಯಾವ ಜಾಗವನ್ನು ನಾನು ನೋಡಿಲ್ಲ, ಆಸ್ಪತ್ರೆಯ ಸ್ಟ್ರೆಚರಿನ ಚಕ್ರಗಳಿರುತ್ತವಲ್ಲ, ತಳ್ಳಿದ ಕಡೆಗೆ ತಾವೇ ತಿರುಗಿಕೊಳ್ಳುತ್ತವೆ, ಈ ಬ್ಲೇಡೂ ಹಾಗೆಯೇ, ಅದನ್ನು ತಿರುಗಿಸುವ ಮೋಟರಿಲ್ಲ, ಎಳೆದ ಕಡೆಗೆ ತಾನೇ ತಿರುಗಬೇಕು, ಒಂದು ಚಕ್ರ ಸಿಕ್ಕಿಕೊಂಡ ಸ್ಟ್ರೆಚರು ನೇರಕ್ಕೆ ಓಡುತ್ತದೆ, ತಿರುವಿನಲ್ಲಿ ಜಗ್ಗಿ ಜಗ್ಗಿ — ಆದರೆ ಬ್ಲೇಡು ಹೊಸತಲ್ಲವೆ, ಒಂದನೆಯ ಪರೀಕ್ಷೆಯಲ್ಲೇ ಬದಲಿಸಿದೆನಲ್ಲ, ಅದನ್ನು ಪಟ್ಟಿಯಿಂದ ಹೊಡೆದುಹಾಕಿದ್ದೇನೆ, ಮುಂದೆ ಹೋಗು. ಮುಂದೆ ಹೋಗಲು ಏನೂ ಇಲ್ಲ. ಪೂಜೆಯಾದಾಗಿನಿಂದ ಮಾಡಿದ್ದೆಲ್ಲ ಶಾಲೆ ಬಸ್ಸುಗಳ ಉದ್ದ ಪಟ್ಟಿ, ನೆಟ್ಟಗಿನ ಗೆರೆ, ಅದಕ್ಕೇ ಇವತ್ತಿನವರೆಗೂ ಗೊತ್ತಾಗಲಿಲ್ಲ, ಹಾಗಾದರೆ ದೋಷ ಹುಟ್ಟಿದ್ದು ಪೂಜೆಯ ಆಚೀಚೆ. ಈ ವರ್ಷ ಅಮ್ಮ ಅಂದಿದ್ದಳು, ಈ ಸಲ ಪೂರ್ತಿ ಹಚ್ಚಪ್ಪ, ಮೂಗಿಗೂ ಬಿಡಬೇಡ, ಹಚ್ಚಿದೆ, ತಡೆಯುವವರು ಯಾರೂ ಇರಲಿಲ್ಲ, ಉಂಗುರದ ಬೆರಳಲ್ಲಿ ತೆಳ್ಳಗೆ ಕಲಸಿದ ಅರಿಶಿನ ತೆಗೆದು ಮೂಗಿನ ತುದಿಗೇ ಒತ್ತಿದೆ, ಮೇಲೆ ಕುಂಕುಮ, ಒತ್ತುವಾಗ ಬಾಗಿಲ ಕಡೆ ನೋಡಿದೆ, ಟೋಪಿಯಿಲ್ಲದ ಬಾಗಿಲು, ಆಗ ನನಗೆ ದುಃಖವಾಗಲಿಲ್ಲ, ಸಣ್ಣದೊಂದು ಗೆಲುವಿನ ಹಾಗೆ ಏನೋ ಆಯಿತು, ಎರಡು ತಿಂಗಳ ಹಿಂದೆ ಮಣ್ಣಿಗೆ ಹೋದವನ ಮೇಲೆ ಗೆಲುವು. ಇದನ್ನು ಯಾರಿಗೂ ಹೇಳಿಲ್ಲ. ಕ್ಯಾಲೆಂಡರಿನ ಹಿಂದೆಯೂ ಬರೆದಿಲ್ಲ. ತುದಿಗೆ ಹಚ್ಚಿದ್ದನ್ನು ಮಾರನೆಯ ದಿನವೇ ಬಟ್ಟೆಯಲ್ಲಿ ಒರೆಸಿದ್ದೇನೆ, ಹೊರಗೆ ಫಳಫಳ ಎನ್ನುತ್ತಿದೆ, ಅದಲ್ಲ, ಅದಾಗಿರಲಾರದು, ಬೇರೆ ಏನಾದರೂ ಇರಬೇಕು, ವಿದ್ಯುತ್ತಿನ ಏರಿಳಿತವೇನೋ, ಕೇಬಲ್ಲೇನೋ. ಹೊರಗೆ ಹಾರ್ನು. ಬಿಳಿ ಗಾಡಿ ಬಂದು ಬಾಗಿಲಿಗೆ ಅಡ್ಡ ನಿಂತಿತು, ಅಂಗಡಿಯೊಳಗಿನ ಬೆಳಕೇ ಬದಲಾಯಿತು, ಮೊಗಸಾಲೆಗೆ ಸುಣ್ಣ ಹೊಡೆದ ಹಾಗೆ, ನಜೀರ್ ಇಳಿದ, ವಾಜಿದಾಳ ತಮ್ಮ, ಸಲಾಂ ಶ್ರೀನಾಥ್ ಭಾಯ್, ನಾನು ನಮಾಜ್ ಮುಗಿಸ್ಕೊಂಡು ಬಂದ್ಬಿಡ್ತೀನಿ, ಅಷ್ಟ್ರಲ್ಲಿ ನೀವು ಅಂಟಿಸ್ಬಿಡಿ, ಸೈಡೆಲ್ಲ ತೊಳ್ಸಿದೀನಿ, ಒಂದ್ ಧೂಳಿಲ್ಲ ನೋಡಿ, ನೆಲದ ಮೇಲಿನ ಹಸಿರು ಸುರುಳಿಯನ್ನು ಕಾಲಿಂದ ಮೇಜಿನ ಕೆಳಗೆ ತಳ್ಳಿದೆ, ಆಯ್ತು ನಜೀರ್, ನೀವು ಹೋಗಿ ಬನ್ನಿ. ಮಸೀದಿಯಿಂದ ಜುಮ್ಮಾದ ಬಾಂಗಿನ ಕೂಗು ಶುರುವಾಯಿತು, ಅದರ ಕೆಳಗೆ ಫೋನು ಬಡಿದುಕೊಳ್ಳುತ್ತಿತ್ತು.

ಭಾಯ್, ಗಾಡಿ ಬಂತಾ. ವಾಜಿದಾ. ಬಂತಮ್ಮಾ. ಹೆಸರು ಆಗ್ತದಲ್ಲಾ ಭಾಯ್. ಆಗುತ್ತೆ ಅಂದೆ. ಅವಳ ಕಡೆ ಹೆಂಗಸರ ಗಲಾಟೆ, ಮಗುವೊಂದು ಅಳುತ್ತಿತ್ತು, ಭಾಯ್, ನಿಮ್ ಪೂಜೆ ಆಯ್ತಲ್ಲ ಮೊನ್ನೆ, ನಂಗೆ ನೆನಪಾಯ್ತು, ಆವತ್ತು ಬೆಳಿಗ್ಗೆ ಎದ್ದು ಸುಮ್ನೆ ಒಂದು ಕರ್ಚೀಫ್ ಇಸ್ತ್ರಿ ಮಾಡ್ಬಿಟ್ಟೆ, ಯಾರಿಗೆ ಅಂತ ಆಮೇಲೆ ಗೊತ್ತಾಯ್ತು. ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಪ್ರತೀ ವರ್ಷ ಇವರದು ಅದೇ ಕಿರಿಕಿರಿ ಭಾಯ್, ಹಿಂದಿನ ದಿನಾನೇ ಹೇಳೋರು, ಶ್ರೀನಾಥ್ ನಾಳೆ ಪೂಜೆ ಮಾಡ್ತಾನೆ, ಹಳೇದೊಂದು ಕರ್ಚೀಫ್ ಕುದಿಸಿ ಒಗಿ, ಹೊಸದು ಬೇಡ, ಹೊಸದು ನೂಲು ಬಿಡ್ತದೆ, ನೂಲು ಬಿಡಬಾರ್ದು ಅಂತ, ಮದುವೆ ಶರ್ಟಿಗೂ ಇಷ್ಟು ಹೇಳಿದೋರಲ್ಲ, ನಗುವಾಗ ಅವಳ ದನಿ ಒಡೆಯಿತು, ಆಮೇಲೆ, ಲೇಟಾಗ್ತದೆ, ಇಡ್ತೀನಿ ಭಾಯ್. ಇಟ್ಟಳು. ರಿಸೀವರು ನನ್ನ ಕೈಯಲ್ಲೇ ಗುಂಯ್ಗುಡುತ್ತಿತ್ತು. ನೂಲು ಬಿಡಬಾರದು. ಮೈಲಿಗೆಗೆ ಹೆದರುವವನಿಗೆ ನೂಲೇಕೆ. ಹೊಸ ಬಟ್ಟೆಯಲ್ಲವೆ ಅವನು ಕೇಳಬೇಕಾಗಿದ್ದದ್ದು, ಶುದ್ಧವಾದದ್ದು, ಯಾರೂ ಮುಟ್ಟದ್ದು, ಹಳೆಯದನ್ನು ಏಕೆ ಕೇಳುತ್ತಾನೆ, ಒಂದೆಳೆ ನೂಲಿಗೆ ಹೆದರುವುದು ಯಾವುದು, ನೂಲು ಹೋಗಿ ಸಿಕ್ಕಿಕೊಳ್ಳುವಷ್ಟು ಸಣ್ಣ ಸಂದು ಎಲ್ಲಿರುತ್ತದೆ — ನನ್ನ ಕೈ ಆಗಲೇ ಅವನ ಡ್ರಾಯರಿನ ಮೇಲಿತ್ತು. ಆಗಸ್ಟಿನಿಂದ ಅದನ್ನು ತೆರೆದಿರಲಿಲ್ಲ, ಅವನ ವಾಸನೆ ಇರುತ್ತದೆ ಎಂಬ ಭಯ, ಈಗ ತೆರೆದೆ, ಇದ್ದದ್ದು ಮಷೀನ್ ಎಣ್ಣೆಯ ವಾಸನೆ, ಒಂದು ಪುಟ್ಟ ಎಣ್ಣೆಯ ಸೀಸೆ, ಒಂದು ಸೂಜಿ, ಎರಡೇ ಎರಡು ಕೂದಲು ಉಳಿಸಿ ಕತ್ತರಿಸಿದ ಹಳೇ ಬ್ರಷ್ಷು, ಸ್ಪಿರಿಟ್ಟಿನ ಬಾಟಲಿ, ಅಡಿಯಲ್ಲಿ ಬಿಳಿ ಕರ್ಚೀಫು, ನಾಲ್ಕು ಮಡಿಕೆ, ಹೋದ ವರ್ಷದ್ದು, ಬಿಚ್ಚಿದರೆ ನಟ್ಟನಡುವೆ ಎಣ್ಣೆಯ ಎರಡು ಚುಕ್ಕೆ.

ಮೂಗನ್ನು ಬಿಚ್ಚಿದೆ. ಕರ್ಚೀಫಿನ ಮೇಲಿಟ್ಟೆ. ತುದಿಯ ತಿರುಪು ತೆಗೆದು ಬ್ಲೇಡನ್ನು ಹೊರಗೆ ಎಳೆದೆ, ಬೆಳಿಗ್ಗೆ ಹಾಕಿದ ಹೊಸ ಬ್ಲೇಡು, ಅದರ ಮೈಯಲ್ಲಿ ಕೆಂಪು ಉಂಗುರ. ಕೊಳವೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದೆ — ಸಾಸಿವೆಗಿಂತ ಸಣ್ಣ ಗುಂಡುಗಳ ಒಂದು ಬಳೆ ಇದೆ ಅಲ್ಲಿ, ಬ್ಲೇಡು ಅದರಲ್ಲಿ ಕೂತು ತಿರುಗಬೇಕು, ಆ ಬಳೆಯ ತುಂಬ ಕೆಂಪು, ಹಳದಿ, ನೀರಲ್ಲಿ ಕಲಸಿ ಒಳಗಿಳಿದು ಒಣಗಿ ಗಟ್ಟಿಯಾದ ಗಾರೆ, ಹಲ್ಲಿನ ಸಂದಿಯಲ್ಲಿ ಎಲೆಅಡಿಕೆ ಕೂತ ಹಾಗೆ, ಹೊಸ ಬ್ಲೇಡಲ್ಲ, ನೂರು ಬ್ಲೇಡು ಹಾಕಿದರೂ ತಿರುಗುತ್ತಿರಲಿಲ್ಲ. ನನ್ನ ಉಂಗುರದ ಬೆರಳು. ನಾನೇ ಒತ್ತಿದ್ದು. ಆರು ವರ್ಷ ಅವನು ಇದನ್ನು ನನ್ನಿಂದ ಕಾಪಾಡಿದ, ನನ್ನ ಪೂಜೆಯನ್ನು ತಡೆಯದೆ, ನನ್ನ ಅಮ್ಮನಿಗೆ ಒಂದು ಮಾತು ಹೇಳದೆ, ಹಚ್ಚಬೇಡ ಅಂದರೆ ಎಲ್ಲಿ ನೋಯುತ್ತೇವೋ ಎಂದು, ಜೇಬಿನಲ್ಲಿಟ್ಟುಕೊಂಡು ಬಾಗಿಲಲ್ಲಿ ನಗುತ್ತಾ ನಿಂತ, ಮತ್ತು ನಾನು, ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂದು ಹುಡುಗರಿಗೆ ಪಾಠ ಹೇಳಿದ ನಾನು, ಒಂದು ಊಹೆ ಹಿಡಿದುಕೊಂಡು ಆರು ವರ್ಷ ಒಂದೇ ಒಂದು ಸಲವೂ ಪರೀಕ್ಷಿಸಲಿಲ್ಲ, ಪರೀಕ್ಷೆ ಎಂದರೇನು, ಯಾಕೋ ತೆಗೀತೀಯ ಎಂಬ ಎರಡು ಶಬ್ದ. ಒಂದೂ ಐದು. ಸ್ಪಿರಿಟ್ಟು ಸುರಿದೆ, ಸೂಜಿಯ ತುದಿಯಿಂದ ಗಾರೆ ಬಿಡಿಸಿದೆ, ಕರ್ಚೀಫಿನ ಮೇಲೆ ಕೆಂಪು ಹನಿ, ಹಳದಿ ಹನಿ, ಅಲುಗಾಡಿಸಿದೆ, ಮತ್ತೆ ಸುರಿದೆ, ಎರಡು ಕೂದಲಿನ ಬ್ರಷ್ಷು ಸರಿಯಾಗಿ ಆ ಬಳೆಗೇ ಅಳತೆ ಮಾಡಿದ ಹಾಗಿತ್ತು, ಅಳತೆ ಮಾಡಿಯೇ ಕತ್ತರಿಸಿದ್ದಾನೆ, ಕೊನೆಗೆ ಸ್ಪಿರಿಟ್ಟು ನೀರಿನಂತೆ ಹೊರಬಂತು, ಒಂದು ಹನಿ ಎಣ್ಣೆ ಬಿಟ್ಟೆ, ಬ್ಲೇಡು ಕೂರಿಸಿ ಬೆರಳ ತುದಿಯಿಂದ ತಾಗಿಸಿದೆ, ಬುಗುರಿಯ ಹಾಗೆ ತಿರುಗಿತು.

ಇನ್ನು ತುದಿಯ ತಿರುಪು, ಅದು ಎಷ್ಟು ಬಿಗಿಯಾದರೆ ಬ್ಲೇಡು ಅಷ್ಟು ಒಳಗೆ, ತಿರುಗಿಸಿದಂತೆ ಒಂದೊಂದು ಕಚ್ಚಿಗೆ ಬೆರಳಿಗೆ ಟಕ್ ಎಂದು ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಎಣಿಸಬೇಕು, ಕೊಳವೆಯ ಮೈಮೇಲೆ ಅವನು ಸೂಜಿಯಲ್ಲಿ ಗೀಚಿದ ಏಳು ಗೆರೆ, ಎಂದರೆ ಏಳು ಟಕ್, ನಾನು ಎಣಿಸುತ್ತಿದ್ದೇನೆ, ಒಂದು, ಎರಡು, ಮೂರು, ಸದ್ದಿಲ್ಲದೆ, ಲೆಕ್ಕ ತಪ್ಪಬಾರದು, ನಾಲ್ಕು, ಸಂದಿನಲ್ಲಿ ಧೂಳು ಕೂತ ಹಾಗಿತ್ತು, ಊದಿದೆ, ಐದು, ಆರು, ಮತ್ತೆ ಊದಿದೆ — ಏನ್ ಶ್ರೀನಾಥು, ಮಂತ್ರ ಹಾಕ್ತಿದೀಯಾ ಅದಕ್ಕೆ, ಬಾಗಿಲಲ್ಲಿ ಮಾರಿಯಾ ನಗುತ್ತಿದ್ದಳು, ದೇವರನ್ನ ನೆನ್ಕೋ ಅಂದೆ ನಿಜ, ಹಿಂಗ್ ಊದು ಅಂತ ಅಂದ್ನಾ. ತಲೆ ಎತ್ತಿದೆ. ಬಿಳಿ ಗಾಡಿ ಹಿಂದೆ ನಿಂತದ್ದರಿಂದ ಬಾಗಿಲ ಗಾಜು ಕನ್ನಡಿಯಾಗಿತ್ತು, ಅದರಲ್ಲಿ ಒಬ್ಬ ಮನುಷ್ಯ, ಅಂಗೈಯಲ್ಲಿ ಬಿಚ್ಚಿದ ಬಿಳಿ ಕರ್ಚೀಫು, ಅಲುಗುತ್ತಿದ್ದ ತುಟಿ ದುಂಡಗೆ ನಿಂತುಹೋಗಿದೆ. ಎಣಿಸುತ್ತಿದ್ದ. ಮುಬೀನ್ ಎಣಿಸುತ್ತಿದ್ದ, ಎಣ್ಣೆ ಬಿಟ್ಟು ತಿರುಪು ಬಿಗಿಯುತ್ತಾ, ಸಂದಿನ ಧೂಳು ಊದುತ್ತಾ. ಅದು ಹಂಗಲ್ಲ ಮಗಾ, ಅದು — ಮಾರಿಯಾ ಏನೋ ಕೇಳಿದಳು, ಯಾಕೋ, ಹುಷಾರಿಲ್ವಾ, ಏಳು, ಮೂಗನ್ನು ಅದರ ಜಾಗಕ್ಕೆ ಸೇರಿಸಿದೆ, ಹಸಿರು ರೋಲಿನ ಕೊನೆಯ ತುಂಡು ಹಾಕಿದೆ, ಅಂಚು ಸರಿಹೊಂದಿಸಿದೆ, ಗುಂಡಿ ಒತ್ತಿದೆ, ಹಾಳೆ ಓಡಿತು, ಗೊರಗೊರ ಇಲ್ಲ, ರೇಷ್ಮೆ ಹರಿದ ಸದ್ದು, ಬಲಗಡೆಯಿಂದ ಗಂಟು, ಎರಡು ಸಣ್ಣ ಹಲ್ಲು, ಬ್ಲೇಡು ಕೆಳಗಿಳಿಯಿತು, ತಿರುಗಿತು, ತಿರುಗುತ್ತಲೇ ಮೇಲೆ ಬಂತು, ಚುಕ್ಕೆ, ಬೇಡದ ಹಾಳೆಯನ್ನು ಉಗುರಲ್ಲಿ ಎತ್ತಿ ಎಳೆದೆ, ಎಲ್ಲೂ ಹಿಡಿಯದೆ ಬಂತು, ಬಟ್ಟಲು ಉಳಿಯಿತು, ಅಂಚಿಗೆ ಉಗುರಿಟ್ಟು ಎಳೆದೆ, ಏನೂ ಇಲ್ಲ, ಎಣಿಸಲು ಏನೂ ಇಲ್ಲ, ಒಂದು ಹನಿ ಸೋರದು, ನೋಡೋ, ಒಂದು ಹನಿ ಸೋರದು ನೋಡು, ಆಗಲೇ ಕನ್ನಡದ ಹೆಸರು ಓಡುತ್ತಿದೆ, ಮಸೀದಿಯಲ್ಲಿ ಎಲ್ಲರೂ ಎದ್ದು ನಿಲ್ಲುವ ಸದ್ದು, ನಜೀರ್ ಬಂದುಬಿಡುತ್ತಾನೆ, ಸೋಪಿನ ನೀರು ಕಲಸಬೇಕು, ಗಾಡಿಯ ಮೈ ಒದ್ದೆ ಮಾಡಬೇಕು, ಏಳಬೇಕು, ಏಳುತ್ತಿಲ್ಲ, ನಾನೂ ಒಂದ್ ಸಲ ಊದ್ಲಾ ಅಂದಿದ್ದೆ, ಅಂದಾಗ ಅವನು ಎಷ್ಟರಲ್ಲಿದ್ದ, ಐದರಲ್ಲೋ ಆರರಲ್ಲೋ, ನಾನು ಲೆಕ್ಕ ತಪ್ಪಿಸಿದ ಮೇಲೆ ಮತ್ತೆ ಮೊದಲಿನಿಂದ ಎಣಿಸಿದನೆ, ನಾನು ಹೊರಗೆ ಹೋದ ಮೇಲೆ ಒಬ್ಬನೇ ಇಲ್ಲಿ ನಿಂತು, ಏಕ್, ದೋ — ಬಿಳಿ ಕರ್ಚೀಫು, ಅಂಗೈಯಲ್ಲಿ ಬಿಚ್ಚಿದ ನಾಲ್ಕು ಮಡಿಕೆ, ತೀನ್, ಚಾರ್, ತುಟಿ ಅಲುಗುತ್ತಿದೆ, ಅದು ಹಂಗಲ್ಲ ಮಗಾ, ಅದು — ಪಾಂಚ್ — ಬಿಳಿ ಕರ್ಚೀಫು, ತುಟಿ ನಿಂತಿದೆ, ಬಿಳಿ ಕರ್ಚೀಫು